ನೇರಳೆ ಕೈಗವಸು

"ಬರಿಗೈಲೇ ಮುಟ್ಟಬ್ಯಾಡ್ರಿ, ಸಕೀನಾಬಿ. ಎಷ್ಟ ಸಲ ಹೇಳ್ಬೇಕು?"

ಸುರೇಖಾ ಸಿಸ್ಟರ್ ಹಾವೇರಿಯ ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿಗೆ ಬಂದು ಎಂಟು ದಿನವಾಗಿತ್ತು. ಕೀಮೋ ಔಷಧಿ ಕಲಸುವಾಗ ಬಳಸಿದ ಕೈಗವಸು, ಹತ್ತಿ ಎಲ್ಲ ಹಳದಿ ಡಬ್ಬಿಗೆ ಬೀಳಬೇಕು, ಡಬ್ಬಿಯೊಳಗೆ ಯಾರೂ ಕೈ ಹಾಕಬಾರದು. ಹಿಂದಿನ ಸಿಸ್ಟರ್ ಇಷ್ಟು ಹೇಳಿರಲಿಲ್ಲ.

"ಈ ಔಷಧಿ ಬರೇ ಕ್ಯಾನ್ಸರ್ ಗಡ್ಡಿ ಕೊಲ್ಲಂಗಿಲ್ಲ. ಬೆಳಿಯೋದನ್ನೆಲ್ಲಾ ಕೊಲ್ಲತೈತಿ. ನಾ ಬಸುರಿ ಇದ್ದಿದ್ರ ಈ ಖೋಲಿಗೇ ಬರ್ತಿದ್ದಿಲ್ಲ."

ನೆಲ ಒರೆಸುತ್ತಿದ್ದ ಸಕೀನಾಬಿಯ ಕೈ ನಿಂತಿತು. "ತೊಳದ್ರ ಹೋಗತೈತೇನ್ರಿ?"

"ಯಾವುದು?"

"ಸುಮ್ನ ಕೇಳಿದೆ."

ಸಂಜೆ ಊರಿಗೆ ಹೋಗುವ ಬ್ಯಾಡಗಿ ಬಸ್ಸಿನಲ್ಲಿ ಸಕೀನಾಬಿಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ಎರಡು ತಿಂಗಳಿನಿಂದ ಅವಳು ಡಬ್ಬಿಯಿಂದ ನೇರಳೆ ಕೈಗವಸು ಆರಿಸಿ, ಸೋಪಿನಲ್ಲಿ ತೊಳೆದು ಮನೆಗೆ ಒಯ್ಯುತ್ತಿದ್ದಳು. ಬಸುರಿ ಸೊಸೆ ಸಾನಿಯಾ ಮನೆಯಲ್ಲಿ ಕೂಲಿಗೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾಳೆ. ಬರಿಗೈಯಲ್ಲಿ ಬಿಡಿಸಿದರೆ ಉರಿಗೆ ನಿದ್ದೆ ಬರುವುದಿಲ್ಲ. ಅಂಗಡಿಯ ತೆಳು ಕೈಗವಸು ಒಂದೇ ದಿನಕ್ಕೆ ಹರಿಯುತ್ತದೆ. ಇವು ದಪ್ಪ.

ಸಾನಿಯಾ ಮೊರ ಮುಂದಿಟ್ಟುಕೊಂಡು ಕೂತಿದ್ದಳು.

"ಕೈಯಾಗಿಂದು ತೆಗಿ."

"ಯಾಕಮ್ಮಾ, ಆಸ್ಪತ್ರಿಯವ್ರು ವಾಪಸ್ ಕೇಳಿದ್ರೇನು?" ಸಾನಿಯಾ ನಕ್ಕಳು. "ಇವು ಬಂದಮ್ಯಾಲ ನಿಮ್ಮ ಮಗನ ಕೆನ್ನಿ ಹಿಂಡಿದ್ರೂ ಉರಿಯಂಗಿಲ್ಲಂತ."

"ತೆಗಿ ಅಂದೆ."

ಸಕೀನಾಬಿ ಹಗ್ಗದ ಮೇಲೆ ಒಣಗುತ್ತಿದ್ದವನ್ನೂ ಎಳೆದು ಎಲ್ಲವನ್ನೂ ಚೀಲಕ್ಕೆ ತುರುಕಿ ಗಂಟು ಹಾಕಿದಳು. ಸೊಸೆಯ ಕೈಯನ್ನು ತಾನೇ ಮೂರು ಸಲ ಸೋಪು ಹಚ್ಚಿ ತೊಳೆದಳು.

"ನಾ ಏನ್ ಕೂಸೇನು?" ಎಂದಳು ಸಾನಿಯಾ. ಸಕೀನಾಬಿ ಇನ್ನೊಮ್ಮೆ ನೀರು ಹಾಕಿದಳು.

ಮರುದಿನ ಬೆಳಿಗ್ಗೆ ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತಿತು. ಇಳಿದು ಚೀಲವನ್ನು ಎಸೆದುಬಿಡಬಹುದಿತ್ತು. ಕೆಲಸ ಉಳಿಯುತ್ತಿತ್ತು. ಅವಳು ಇಳಿಯಲಿಲ್ಲ.

ವಾರ್ಡಿನಲ್ಲಿ ಸುರೇಖಾ ಕೈಗವಸು ಹಾಕಿಕೊಂಡು ಚೀಲದ ಗಂಟು ಬಿಚ್ಚಿದಳು. ಘಾಟಿಗೆ ಎರಡು ಸಲ ಸೀನಿದಳು. ಒಳಗೆ ನೋಡಿ ಮತ್ತೆ ಗಂಟು ಹಾಕಿದಳು.

"ಡಬ್ಬ್ಯಾಗಿನವು?"

"ಹೌದ್ರಿ."

"ಮನ್ಯಾಗ ಯಾರು ಹಾಕ್ಕೋತಿದ್ರು?"

"ಸೊಸಿ. ಮೆಣಸಿನಕಾಯಿ ಬಿಡಸಾಕ."

"ತೊಳದ್ರ ಹೋಗತೈತೇನಂತ ನಿನ್ನೆ ಕೇಳಿದ್ರಿ." ಸುರೇಖಾ ಚೀಲವನ್ನು ಹಳದಿ ಡಬ್ಬಿಗೆ ಹಾಕಿದಳು. "ಬಸುರಿ ಅದಾಳೇನು?"

ಸಕೀನಾಬಿ ಹೌದೆಂದು ತಲೆಯಾಡಿಸಿದಳು.

"ಎಷ್ಟ ತಿಂಗಳು?"

ಅವಳು ಐದು ಬೆರಳು ಎತ್ತಿದಳು. ಸುರೇಖಾ ಫೋನ್ ಎತ್ತಿ ಹೆರಿಗೆ ವಾರ್ಡಿನ ಡಾಕ್ಟರ ಹತ್ತಿರ ಮಾತಾಡಬೇಕೆಂದಳು. ಆ ಕಡೆ ಯಾರೋ ಸ್ವಲ್ಪ ಕಾಯಲು ಹೇಳಿದರು. ಸಕೀನಾಬಿಯ ಕೈ ಇನ್ನೂ ಮೇಲೆಯೇ ಇತ್ತು.