ಕೆಂಪು ಟೋಪಿಯವನು ಕದಲುವವರೆಗೆ

"ಥೂ! ಹೋಗೋ ಆಚೆ!" ಎಂದು ಗ್ಯಾಲರಿಯಿಂದ ಹೇಜಲ್ ಟೀಮೆಯರ್ ಕೂಗಿದಳು. ಮೈದಾನದ ನಡುವೆ ಕೈಕಟ್ಟಿ ನಿಂತಿದ್ದ ಎಮಿಲ್ ವೋಯ್ಟ್ಕೊ ಅವಳ ಕಡೆ ತಿರುಗಿ ತಲೆಯ ಮೇಲಿನ ಕೆಂಪು ಟೋಪಿಯನ್ನು ಒಂದಿಷ್ಟು ಎತ್ತಿ ಇಳಿಸಿದ. ಬೈಯುವುದು ಅವಳ ಕೆಲಸ, ಬೈಸಿಕೊಳ್ಳುವುದು ಅವನ ಕೆಲಸ.

ಎಮಿಲ್ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಆಟ ಟಿವಿ ತೆರೆಯ ಮೇಲೆ ಬರಲು ಶುರುವಾದಾಗಿನಿಂದ ಆಟದ ದಿನಗಳಲ್ಲಿ ಈ ಟೋಪಿ ಅವನದು. ದೂರದ ಯಾವುದೋ ಊರಿನ ಕೋಣೆಯಲ್ಲಿ ಕೂತವರು ಹೆಡ್‌ಫೋನಿನಲ್ಲಿ ಅವನ ಕಿವಿಯೊಳಗೆ "ಜಾಹೀರಾತು" ಅಂದರೆ ಅವನು ಆಟ ತಡೆಯಲು ಮೈದಾನಕ್ಕೆ ನಡೆದು ಬಂದು ನಿಲ್ಲಬೇಕು, "ಬನ್ನಿ" ಅಂದರೆ ಹೊರಗೆ ಹೋಗಬೇಕು. ಕೆಂಪು ಟೋಪಿಯವನು ಕದಲುವವರೆಗೆ ರೆಫರಿ ಸೀಟಿ ಊದುವಂತಿಲ್ಲ. ಚೆಂಡು ನೆಲದಲ್ಲಿ, ಹುಡುಗರು ಚಳಿಯಲ್ಲಿ. ಶನಿವಾರ ಮಧ್ಯಾಹ್ನ ಆಟ ನಡೆಯುತ್ತಿದ್ದ ಕಾಲದಲ್ಲಿ ಅವನು ಬಂದು ನಿಂತರೆ ಊರಿಗೆ ಊರೇ ಎದ್ದು ನಿಂತು ಹೋ ಎನ್ನುತ್ತಿತ್ತು. ಅಷ್ಟು ಜನ ಒಟ್ಟಿಗೆ ಬೈಯುವುದು ಎಲ್ಲರ ಹಣೆಬರಹದಲ್ಲಿ ಬರೆದಿರುವುದಿಲ್ಲ ಎಂದು ಅವನು ಹೆಮ್ಮೆಪಡುತ್ತಿದ್ದ. ಈಗ ಊರಿನ ಪರವಾಗಿ ಹೇಜಲ್ ಒಬ್ಬಳೇ ಬೈಯುತ್ತಾಳೆ.

ದೊಡ್ಡ ವಿಶ್ವವಿದ್ಯಾಲಯಗಳು ತಮ್ಮತಮ್ಮಲ್ಲೇ ಕೂಡಿಕೊಂಡು ಸ್ಟ್ರೀಮಿಂಗ್ ಕಂಪನಿಗೆ ಶನಿವಾರಗಳನ್ನೆಲ್ಲ ಮಾರಿದವು. ಪಂಕ್ತಿ ಎದ್ದ ಮೇಲೆ ಉಳಿದದ್ದು ಚಿಕ್ಕ ಕಾಲೇಜುಗಳ ಗುಂಪಿಗೆ: ನವೆಂಬರಿನ ಮಂಗಳವಾರ, ಬುಧವಾರ. ಒಲ್ಲೆ ಅಂದರೆ ತೆರೆಯೇ ಇಲ್ಲ. ಈರಿ ಸರೋವರದ ಗಾಳಿ ಮೂಳೆ ಕೊರೆಯುವ ಬುಧವಾರ ಯಾರು ಬರುತ್ತಾರೆ? ನಾಳೆ ಬೆಳಗ್ಗೆ ಎಲ್ಲರಿಗೂ ಕೆಲಸವಿದೆ.

ಎಮಿಲ್‌ನ ಹೆಂಡತಿ ಡೆನೀಸ್‌ಗಂತೂ ಇವತ್ತೇ ಕೆಲಸವಿತ್ತು. ಅವಳು ಕೋಳಿ ಕತ್ತರಿಸುವ ಕಾರ್ಖಾನೆಯಲ್ಲಿದ್ದಾಳೆ; ಸಂಜೆ ಆರಕ್ಕೆ ಪಾಳಿ ಬಿಡುತ್ತದೆ. ಮಗ ಟ್ರೆವರ್ ಈ ತಂಡದಲ್ಲಿ ನಾಲ್ಕು ವರ್ಷ ಆಡಿದ್ದರೂ ಅವಳು ಕಣ್ಣಾರೆ ನೋಡಿದ ಆಟ ಬೆರಳೆಣಿಕೆಯಷ್ಟು. ಶನಿವಾರ ಸಿಕ್ಕುತ್ತಿದ್ದ ಒಂದೆರಡು ಆಟವೂ ದೊಡ್ಡವರ ಮನೆಯಂಗಳದಲ್ಲಿ, ಅವರ ಕೈಲಿ ಹೊಡೆತ ತಿನ್ನಲು ಹೋದದ್ದು. ಹಾಗಾಗಿ ಇವತ್ತಿಗಾಗಿ ಅವಳು ಇಡೀ ವರ್ಷ ಕಾದಿದ್ದಳು. ಕೊನೆಯ ವರ್ಷದ ಹುಡುಗರು ಊರಿನ ಕೊನೆಯ ಆಟದ ದಿನ ಅಪ್ಪ ಅಮ್ಮನ ತೋಳು ಹಿಡಿದು ಮೈದಾನದ ನಡುವಿನವರೆಗೆ ನಡೆಯುತ್ತಾರೆ, ಮೈಕಿನಲ್ಲಿ ಮೂವರ ಹೆಸರೂ ಕೂಗುತ್ತಾರೆ. ಆಟ ಏಳೂವರೆಗೆ ಇತ್ತು. ಪಾಳಿ ಮುಗಿಸಿ, ಮನೆಗೆ ಹೋಗಿ ಮಿಂದು, ನೀಲಿ ಕೋಟು ಹಾಕಿಕೊಂಡು ಬರಲು ಸಮಯವಿತ್ತು.

ಸೋಮವಾರ ಮಧ್ಯಾಹ್ನ ಕಂಪನಿಯಿಂದ ಸುದ್ದಿ ಬಂತು. ಬುಧವಾರ ರಾತ್ರಿಯನ್ನೂ ದೊಡ್ಡವರಿಗೇ ಕೊಟ್ಟಿದ್ದೇವೆ, ನಿಮ್ಮದು ನಾಲ್ಕೂವರೆಗೆ ಶುರುವಾಗಲಿ.

"ಹೇಳಬೇಕಿತ್ತು ನೀನು," ಎಂದಿದ್ದಳು ಡೆನೀಸ್.

"ಯಾರಿಗೇ ಹೇಳ್ಲಿ? ಕಿವೀಲಿ ಮಾತಾಡೋ ಹುಡುಗೀಗಾ? ಅದಕ್ಕೆ ನನ್ನ ಹೆಸರೂ ಗೊತ್ತಿಲ್ಲ."

"ನಾನು ಮೇಸ್ತ್ರಿ ಹತ್ರ ರಜ ಕೇಳ್ದೆ. ಹಬ್ಬಕ್ಕೆ ಮುಂಚೆ ಒಂದು ಗಂಟೆನೂ ಬಿಡಲ್ಲ ಅಂದ." ಆಮೇಲೆ ಅವಳು ತಟ್ಟೆ ತೊಳೆಯುವ ಕಡೆ ತಿರುಗಿದಳು. "ಹೋಗ್ಲಿ ಬಿಡು. ಬಡವರ ಕೋಪ ದವಡೆಗೆ ಮೂಲ."

ಅಷ್ಟಕ್ಕೆ ಆ ಮಾತು ಮುಗಿದಿತ್ತು. ಜಗಳವಾಡಿದ್ದರೂ ಚೆನ್ನಾಗಿರುತ್ತಿತ್ತು ಎಂದು ಎಮಿಲ್‌ಗೆ ಅನ್ನಿಸಿತ್ತು.

ಇವತ್ತು ಮಧ್ಯಾಹ್ನ ಹುಡುಗರು ನಡೆಯುವ ಹೊತ್ತಿಗೆ ಅವನ ಕಿವಿಗೆ ಹೆಡ್‌ಫೋನ್ ಬಿದ್ದಾಗಿತ್ತು, ಮೈದಾನದ ಅಂಚು ಬಿಡುವಂತಿರಲಿಲ್ಲ. ಟ್ರೆವರ್‌ನ ಹೆಸರು ಕೂಗಿದಾಗ ಅವನು ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬನೇ ನಡೆದ. ಅಪ್ಪನ ಎದುರು ದಾಟುವಾಗ "ಪರವಾಗಿಲ್ಲಪ್ಪ" ಅಂದ. ಅವನ ಮುಖದಲ್ಲಿ ದುಃಖವೇನೂ ಕಾಣಲಿಲ್ಲ. ಕಾಣದೇ ಇದ್ದದ್ದೇ ಎಮಿಲ್‌ಗೆ ಕಷ್ಟವಾಯಿತು. ಆಮೇಲೆ ಆ ಕಷ್ಟವೂ ಕಾಲ್ಬೆರಳುಗಳ ಹಾಗೆ ಜೋಮುಗಟ್ಟಿತು.

ಈಗ ಆಟದ ಮೂರನೆಯ ಪಾಲು ನಡೆಯುತ್ತಿತ್ತು. ಹಿಮ ಸಣ್ಣಗೆ ಬೀಳುತ್ತಿತ್ತು. ಹೇಜಲ್ ಬೈದು ಮುಗಿಸಿ ಕಂಬಳಿ ಹೊದ್ದುಕೊಂಡಳು. ಅವಳ ಕೆಳಗಿನ ಗೇಟಿನಲ್ಲಿ ಬಿಳಿ ಬೂಟು ಹಾಕಿದ ಹೆಂಗಸೊಬ್ಬಳು ಏದುಸಿರು ಬಿಡುತ್ತ ಬಂದು ಕಂಬಿ ಹಿಡಿದು ನಿಂತಳು. ಮನೆಗೆ ಹೋಗಿರಲಿಲ್ಲ, ಮಿಂದಿರಲಿಲ್ಲ. ಕಾರ್ಖಾನೆಯ ಅಂಗಳದಿಂದ ನೇರ ಬಂದಿದ್ದಳು.

"ಕೆಂಪು ಟೋಪಿ, ಹತ್ತು ಸೆಕೆಂಡು," ಎಂದಿತು ಕಿವಿಯೊಳಗಿನ ಹುಡುಗಿಯ ದನಿ. "ಸರಿ, ಹೊರಗೆ ಬನ್ನಿ."

ಎಮಿಲ್ ಹೊರಗೆ ಹೋಗಲಿಲ್ಲ.

ರೆಫರಿ ಲಾಯ್ಡ್ ಸೀಟಿಯನ್ನು ತುಟಿಗಿಟ್ಟುಕೊಂಡು ಕಾದ. ಇಬ್ಬರೂ ಹಳೆಯ ಸ್ನೇಹಿತರು, ಭಾನುವಾರ ಒಂದೇ ಇಗರ್ಜಿಗೆ ಹೋಗುವವರು. "ಏನ್ ಮಾರಾಯ, ಹೇಳಿದ್ರಾ?"

"ಇನ್ನೂ ಇಲ್ಲ," ಅಂದ ಎಮಿಲ್. ಈ ಟೋಪಿ ಹಾಕಿಕೊಂಡು ಅವನು ಹೇಳಿದ ಮೊದಲನೇ ಸುಳ್ಳು ಅದು. ಹುಡುಗರ ಗುಂಪಿನ ಕಡೆ ತಿರುಗಿ ಕೂಗಿದ: "ಟ್ರೆವರ್! ಅಲ್ನೋಡು, ಅಮ್ಮ ಬಂದಿದಾಳೆ. ಹೋಗಿ ಕರ್ಕೊಂಡು ಬಾ."

"ಈಗ್ಲಾ? ಅಪ್ಪ, ಆಟ ನಡೀತಿದೆ."

"ನಾನು ನಿಂತಿರೋ ತನಕ ಎಲ್ಲಿ ನಡೆಯುತ್ತೋ? ಹೋಗೋ."

ಟ್ರೆವರ್ ತರಬೇತುದಾರನ ಮುಖ ನೋಡಿದ. ಆತ ಆಕಾಶ ನೋಡಿದ. ಮುಂದಿನ ವರ್ಷ ಈ ತಂಡ ಇರುತ್ತದೋ ಇಲ್ಲವೋ ಎಂದು ಕಾಲೇಜಿನವರು ಇನ್ನೂ ಹೇಳದಿದ್ದ ಮನುಷ್ಯ ಅವನು. ಅವನಿಗೆ ಕಳೆದುಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ. ಟ್ರೆವರ್ ಓಡಿದ.

ಕಂಬಿಯ ಹತ್ತಿರ ಡೆನೀಸ್ ಎರಡೂ ಕೈ ಅಲ್ಲಾಡಿಸಿ ಬೇಡ ಬೇಡ ಅನ್ನುತ್ತಿರುವುದು ಎಮಿಲ್‌ಗೆ ಕಾಣುತ್ತಿತ್ತು. ಅವನು ಕಿವಿಯೊಳಗಿನ ಬೈಗುಳಕ್ಕೆ ಕಾದ. ನಾಳೆಯಿಂದ ಟೋಪಿ ಬೇರೆಯವರ ತಲೆಗೆ ಹೋಗುತ್ತದೆ, ಹೋಗಲಿ. ಇಷ್ಟು ವರ್ಷ ಅವರ ಸಮಯ ಕಾದವನು ಒಂದು ನಿಮಿಷ ಕದ್ದಿದ್ದಾನೆ, ಕದ್ದದ್ದಕ್ಕೆ ತಕ್ಕದ್ದು ಕೇಳಿಸಿಕೊಳ್ಳುತ್ತಾನೆ.

"ಕೆಂಪು ಟೋಪಿ, ಅಲ್ಲೇ ಇದ್ದೀರಾ?" ಅಂದಿತು ದನಿ.

"ಇದ್ದೀನಿ."

"ಒಳ್ಳೇದಾಯ್ತು. ಅಲ್ಲೇ ಇರಿ, ಬರಬೇಡಿ. ನಿಮ್ಮ ಆಟ ತೋರಿಸೋದು ಬಿಟ್ಟಾಯ್ತು, ದೊಡ್ಡ ಆಟಕ್ಕೆ ಹೋಗಿದೀವಿ. ಇಲ್ಲಿ ಕೊನೇ ವರ್ಷದ ಹುಡುಗರು ಅಪ್ಪ ಅಮ್ಮನ ಜೊತೆ ನಡೀತಿದಾರೆ, ತುಂಬಾ ಚೆನ್ನಾಗಿದೆ. ಅದು ಮುಗಿದ್ಮೇಲೆ ನಿಮ್ಮನ್ನ ಬೇರೆ ಚಾನೆಲ್ಲಿಗೆ ಹಾಕ್ತೀವಿ. ಅಲ್ಲೀತನಕ ಆಟ ಶುರು ಮಾಡಂಗಿಲ್ಲ."

"ಎಷ್ಟು ಹೊತ್ತಾಗುತ್ತಮ್ಮ?"

"ಗೊತ್ತಿಲ್ಲ ಸರ್. ಇಲ್ಲಿ ತುಂಬ ಜನ ಹುಡುಗರಿದಾರೆ."

ಎಮಿಲ್‌ಗೆ ಸಿಟ್ಟೂ ಬರಲಿಲ್ಲ, ನಗುವೂ ಬರಲಿಲ್ಲ. ಕಳ್ಳತನಕ್ಕೆ ಹೋದ ಮನೆಯ ಬಾಗಿಲು ತೆರೆದೇ ಇದ್ದು, ಒಳಗೆ ಯಾರೂ ಇಲ್ಲದ ಹಾಗಾಯಿತು. "ಲಾಯ್ಡ್, ಸೀಟಿ ಜೇಬಿಗೆ ಹಾಕ್ಕೋ," ಅಂದ. "ನಮ್ಮನ್ನ ಮರೆತಿದಾರೆ."

ಟ್ರೆವರ್ ಅಮ್ಮನ ತೋಳು ಹಿಡಿದು ಕರೆದುಕೊಂಡು ಬಂದ. ಹಿಮದ ಮೇಲೆ ಅವಳ ರಬ್ಬರ್ ಬೂಟು ಜಾರುತ್ತಿತ್ತು. ಮೈಕಿನವನು ಇನ್ನೂ ಎದ್ದು ಹೋಗಿರಲಿಲ್ಲ. ವಿಷಯ ತಿಳಿಯಿತೋ ಊಹಿಸಿದನೋ, ಕೆಮ್ಮಿ, ಟ್ರೆವರ್ ವೋಯ್ಟ್ಕೊ, ತಾಯಿ ಡೆನೀಸ್, ತಂದೆ ಎಮಿಲ್ ಎಂದು ಓದಿದ. ಖಾಲಿ ಗ್ಯಾಲರಿಗೆ ಬಡಿದು ಹೆಸರುಗಳು ಇನ್ನೊಮ್ಮೆ ಕೇಳಿಸಿದವು. ನಾಲ್ಕಾರು ಕಡೆ ಕೈಗವಸಿನ ಚಪ್ಪಾಳೆ ಬಿತ್ತು.

"ಏನ್ ಎಮಿಲ್ ಇದು, ಹುಚ್ಚಾ ನಿಂಗೆ?" ಅಂದಳು ಡೆನೀಸ್. ಉಸಿರು ಇನ್ನೂ ಮೇಲಕ್ಕೇ ಇತ್ತು. "ಎಲ್ಲಾರ್ಗೂ ಕಾಣ್ತೀವಿ. ಕಾರ್ಖಾನೇಲಿ ಕೂದಲಿಗೆ ಹಾಕೋ ಬಲೆ ಕೂಡ ತೆಗ್ದಿಲ್ಲ ನಾನು."

"ಯಾರಿಗೂ ಕಾಣಲ್ಲ. ಬೇರೆ ಆಟ ತೋರಿಸ್ತಿದಾರೆ."

ಅವಳು ಕ್ಯಾಮೆರಾದ ಕಡೆ ನೋಡಿದಳು. ಕ್ಯಾಮೆರಾದ ಹುಡುಗಿ ಕುರ್ಚಿಯಿಂದ ಇಳಿದು ಕಾಫಿ ಕುಡಿಯುತ್ತಿದ್ದಳು.

"ಆಟ ನೋಡೋಕೆ ಅಂತ ನಮ್ಮಮ್ಮ ಮನೇಲಿ ಫೋನ್ ಹಿಡ್ಕೊಂಡು ಕೂತಿದಾಳೆ," ಅಂದಳು ಡೆನೀಸ್ ಮೆಲ್ಲಗೆ.

"ಫೋಟೋನಾದ್ರೂ ತೆಗೀಲಾ?" ಎಂದ ಲಾಯ್ಡ್. ಜೇಬು ತಡಕಿದ, ಫೋನು ಬಟ್ಟೆ ಬದಲಿಸುವ ಕೋಣೆಯಲ್ಲಿತ್ತು. ಹುಡುಗರ ಹತ್ತಿರವೂ, ಎಮಿಲ್ ಡೆನೀಸರ ಹತ್ತಿರವೂ ಇರಲಿಲ್ಲ.

"ಬಿಡು ಲಾಯ್ಡ್," ಅಂದಳು ಅವಳು.

ಎಮಿಲ್ ನಿಂತ ಜಾಗ ಬಿಡುವಂತಿರಲಿಲ್ಲ, ಹಾಗಾಗಿ ಅವರಿಬ್ಬರೂ ಅವನ ಪಕ್ಕಕ್ಕೆ ಬಂದು ನಿಂತರು. ಅವನ ಕಿವಿಯಲ್ಲಿ ಬೇರೆ ಊರಿನ ಬ್ಯಾಂಡು, ಬೇರೆ ಅಪ್ಪ ಅಮ್ಮಂದಿರ ಹೆಸರು, ಸಾವಿರಾರು ಜನರ ಚಪ್ಪಾಳೆ. ಅವನು ಹೆಡ್‌ಫೋನ್ ತೆಗೆಯಲಿಲ್ಲ. ತೆಗೆಯಲು ಅಪ್ಪಣೆ ಇರಲಿಲ್ಲ. ಎರಡೂ ತಂಡದ ಹುಡುಗರು ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ಕಾಯುತ್ತಿದ್ದರು.

ಡೆನೀಸ್ ಕೈ ಎತ್ತಿ ಮಗನ ಭುಜದ ಮೇಲೆ ಕೂತಿದ್ದ ಹಿಮ ಒರೆಸತೊಡಗಿದಳು. ಆ ಕಡೆಯ ಭುಜಕ್ಕೆ ಕೈ ಎಟುಕಲಿಲ್ಲ. ಟ್ರೆವರ್ ಮಂಡಿ ಮಡಿಸಿ ಸ್ವಲ್ಪ ಕೆಳಗಾದ.