ಮೂಲೆ ಅಂಗಡಿಗೆ ಕಾಣುವಂತೆ

ಶವದ ವ್ಯಾನಿನ ಚಾಲಕ ಗೇರು ಹಾಕುವಷ್ಟರಲ್ಲಿ ಕಂಡಕ್ಟರಮ್ಮ ವ್ಯಾನಿನ ಮೈಗೆ ಅಂಗೈಯಿಂದ ಎರಡು ಸಲ ಬಲವಾಗಿ ಬಡಿದಳು. ಇಪ್ಪತ್ತಾರು ವರ್ಷ ಬಸ್ಸಿನ ತಗಡಿಗೆ ಬಡಿದು ಪಳಗಿದ ಕೈ ಅದು. ಯಾಕೆ ಏನು ಎಂದು ಕೇಳುವ ಮೊದಲೇ ಚಾಲಕನ ಕಾಲು ಬ್ರೇಕಿನ ಮೇಲಿತ್ತು.

"ಎಲ್ಲಿಗೆ ಹೊರಟ್ರಿ? ಮನೆ ಇಲ್ಲೇ ಇದೆಯಲ್ಲ."

"ಇಲ್ಲಿ ಇಳಿಸೋದು ಬೇಡ, ಸೀದಾ ಚಿತಾಗಾರಕ್ಕೆ ನಡೀರಿ ಅಂದ್ರು ಮೇಡಂ." ಚಾಲಕ ಗದ್ದದಿಂದಲೇ ಭಾವನತ್ತ ತೋರಿಸಿದ.

ಭಾವ, ತೀರಿಕೊಂಡ ಅಕ್ಕನ ಗಂಡ, ಮೆಟ್ಟಿಲ ಬುಡದಲ್ಲಿ ನಿಂತಿದ್ದ. ಪಕ್ಕದಲ್ಲಿ ಮನೆ ದಲ್ಲಾಳಿ, ಎರಡು ಕೈಗೆ ಎರಡು ಫೋನು. ಅವರ ತಲೆಯ ಮೇಲೆ 'ಮನೆ ಮಾರಾಟಕ್ಕಿದೆ' ಎಂಬ ಹಲಗೆ. ಎರಡು ವರ್ಷದ ಬಿಸಿಲಿಗೆ ಅದರ ಕೆಂಪು ಅಕ್ಷರಗಳು ಗುಲಾಬಿಯಾಗಿದ್ದವು.

"ಐದೂವರೆಗೆ ಸಮಯ ಕೊಟ್ಟಿದ್ದಾರೆ," ಎಂದ ಭಾವ, ಅವಳ ಮುಖ ನೋಡದೆ. "ಮತ್ತೆ ಹದಿನೇಳು ಮೆಟ್ಟಿಲು ಹತ್ತಿಸೋದು, ಇಳಿಸೋದು… ಅಲ್ಲೇ ಎಲ್ಲರೂ ನೋಡಬಹುದಲ್ಲ."

"ಈಗಿನ್ನೂ ಮೂರೂವರೆ ಭಾವ. ಅವಳು ಒಂದು ಗಳಿಗೆ ತನ್ನ ಮನೇಲಿ ಇರಲಿ."

ದಲ್ಲಾಳಿ ದನಿಗೆ ಬೆಣ್ಣೆ ಸವರಿಕೊಂಡು ಮುಂದೆ ಬಂದ. "ನೋಡಿ ತಾಯಿ, ನಾಲ್ಕು ಗಂಟೆಗೆ ನಿನ್ನೆಯ ಪಾರ್ಟಿ ಹೆಂಡತೀನ ಕರ್ಕೊಂಡು ಬರ್ತಿದೆ. ಎರಡು ವರ್ಷದಲ್ಲಿ ಎರಡನೇ ಸಲ ನೋಡ್ತೀವಿ ಅಂದೋರು ಇವರೊಬ್ಬರೇ. ಮಾರ್ಕೆಟ್ಟೇ ಮಲಗಿಬಿಟ್ಟಿದೆ. ಹೆಣ ಇಟ್ಟ ಮನೆ ಅಂತ ಗೊತ್ತಾದ್ರೆ ಯಾರು ತಗೋತಾರೆ, ನೀವೇ ಹೇಳಿ."

ನಿನ್ನೆ ಮಧ್ಯಾಹ್ನದವರೆಗೆ ತನಗೆ ಅಕ್ಕ ಆಗಿದ್ದವಳು ಇವನ ಬಾಯಲ್ಲಿ ಇಷ್ಟು ಬೇಗ ಹೆಣ ಆಗಿದ್ದಳು. ಕಂಡಕ್ಟರಮ್ಮನಿಗೆ ಅಂಗಾಲಿನಿಂದ ನೆತ್ತಿಗೆ ಸಿಟ್ಟು ಏರಿತು.

"ಹೋದೋರು ಹೋದ್ರು, ಇರೋರು ಬದುಕಬೇಕಲ್ಲ ತಾಯಿ," ಎಂದ ದಲ್ಲಾಳಿ.

"ಇರೋರ ಮನೆಗಳಿಗೆಲ್ಲ ಬೀಗ ಹಾಕ್ತೀಯಲ್ಲ, ಒಂದು ಬೀಗ ನಿನ್ನ ಬಾಯಿಗೂ ಹಾಕ್ಕೋ," ಎಂದು ಅವಳು ವ್ಯಾನಿನ ಮುಂದೆ ಹೋಗಿ ನಿಂತಳು. "ಇದು ಇಲ್ಲಿಂದ ಕದಲಬೇಕಾದ್ರೆ ನನ್ನ ಮೇಲೇ ಹೋಗಬೇಕು."

ನಾಲ್ಕೈದು ಜನ ನೆರೆಯವರು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಜಗಳದಲ್ಲಿ ಯಾರ ಪಕ್ಷ ವಹಿಸಬೇಕೆಂದು ತಿಳಿಯದೆ ಎದುರು ಮನೆಯಾಕೆ ಸತ್ತವಳನ್ನು ಹೊಗಳತೊಡಗಿದಳು. "ನನ್ನ ಮೂರು ಮಕ್ಕಳ ಸ್ಕೂಲ್ ಬಟ್ಟೇನೂ ಅವರೇ ಹೊಲಿದಿದ್ದು. ಮಡಿಕೆ ಒಳಗೆ ನಾಲ್ಕು ಬೆರಳು ಜಾಸ್ತಿ ಬಟ್ಟೆ ಬಿಟ್ಟಿರೋರು. ಬೆಳೆಯೋ ಮಕ್ಕಳು, ಮುಂದಿನ ವರ್ಷ ಬಿಚ್ಚಿಕೊಳ್ಳಿ ಅನ್ನೋರು."

*

ಮನೆ ಮಾರುವ ಮಾತನ್ನು ಮೊದಲು ಎತ್ತಿದವಳು ಕಂಡಕ್ಟರಮ್ಮನೇ. ಆ ನೆನಪೇ ಈಗ ಅವಳ ಸಿಟ್ಟಿಗೆ ಒಗ್ಗರಣೆ ಹಾಕುತ್ತಿತ್ತು.

ಕೆಳಗೆ ಗೋದಾಮು, ಮೇಲೆ ಮನೆ. ಮೂವತ್ತೆರಡು ವರ್ಷ ಹೊಲಿಗೆ ಯಂತ್ರ ತುಳಿದು ಅಕ್ಕನ ಮೊಣಕಾಲು ಸವೆದಿತ್ತು. ಮೊಣಕಾಲು ತಿಂದದ್ದು ಯಂತ್ರ, ಬೈಸಿಕೊಂಡದ್ದು ಮೆಟ್ಟಿಲು. "ಮಾರಿಬಿಡೇ, ನೆಲಮಟ್ಟದಲ್ಲಿ ಒಂದು ಚಿಕ್ಕ ಮನೆ ನೋಡೋಣ. ಈ ಮೆಟ್ಟಿಲು ನಿನ್ನ ಜೀವ ತೆಗೆಯುತ್ತೆ," ಎಂದು ತಂಗಿ ಹೇಳಿದಳು. ನೀರಿನ ಮೀಟರು ಓದಿ ನಿವೃತ್ತನಾಗಿದ್ದ ಭಾವನಿಗೂ ಅದು ಸರಿ ಕಂಡಿತು. ಆರು ತಿಂಗಳಲ್ಲಿ ಮಾರಿಹೋದೀತು ಎಂದುಕೊಂಡರು.

ಆರು ತಿಂಗಳು ಕಳೆದರೂ ಒಂದು ನರಪಿಳ್ಳೆಯೂ ಬರಲಿಲ್ಲ. ಆಮೇಲೆ ಬಂದವನು ಈ ದಲ್ಲಾಳಿ, ತನ್ನ ಕಟ್ಟುಪಾಡುಗಳ ಜೊತೆಗೆ. ಕೊಳ್ಳುವವರಿಗೆ ಮನೆ ಕಾಣಬೇಕು, ಮನೆಯವರು ಕಾಣಬಾರದು ಎಂದ. ಗೋಡೆಯ ಫೋಟೋಗಳು ಪೆಟ್ಟಿಗೆಗೆ ಹೋದವು, ಮೊಳೆಯ ತೂತುಗಳಿಗೆ ಪುಟ್ಟಿ ಬಿತ್ತು. ನೋವಿನ ಮುಲಾಮಿನ ವಾಸನೆ ಬರುತ್ತದೆಂದು ಡಬ್ಬಿಯನ್ನು ಕಿಟಕಿಯಾಚೆ ಇಡಿಸಿದ. ಹೊಲಿಗೆ ಯಂತ್ರವನ್ನು ಬೀದಿ ಮೂಲೆಯ ಇಸ್ತ್ರಿ ಅಂಗಡಿಗೆ ಸಾಗಿಸಿದರು. ಕೊನೆಗೆ ಉಳಿದವಳು ಅಕ್ಕ.

"ಅಮ್ಮ ಕುಂಟುತ್ತಾ ಬಂದು ಬಾಗಿಲು ತೆಗೆದ್ರೆ, ಮೆಟ್ಟಿಲು ಕಷ್ಟ ಅಂತ ನಾವೇ ಬಾಯಿಬಿಟ್ಟು ಹೇಳಿದ ಹಾಗೆ," ಎಂದ ದಲ್ಲಾಳಿ.

ಅಂದಿನಿಂದ ಯಾರಾದರೂ ನೋಡಲು ಬರುತ್ತಾರೆಂದರೆ ಅಕ್ಕ ಮೊದಲೇ ಇಳಿದು ಹೋಗುತ್ತಿದ್ದಳು. ಎಲ್ಲಿಗೆ ಹೋಗ್ತೀಯ ಎಂದು ಕೇಳಿದರೆ, "ಇಲ್ಲೇ, ಸುಮ್ನೆ ಒಂದು ಸುತ್ತು," ಎನ್ನುತ್ತಿದ್ದಳು. ಮೊಣಕಾಲಿಲ್ಲದವಳು ಎಂಥ ಸುತ್ತು ಹೊಡೆಯುತ್ತಾಳೆ ಎಂದು ತಂಗಿ ಯೋಚಿಸಲಿಲ್ಲ.

"ನನ್ನ ಮನೆಗೆ ನಾನೇ ನೆಂಟಳಾಗಿದೀನಿ ನೋಡೇ," ಎಂದು ಅಕ್ಕ ಒಮ್ಮೆ ನಕ್ಕಿದ್ದಳು.

"ನೆಂಟರಾದ್ರೆ ಒಂದು ಲೋಟ ಕಾಫಿನಾದ್ರೂ ಕೊಡ್ತಾರೆ," ಎಂದು ತಂಗಿಯೂ ನಕ್ಕಿದ್ದಳು.

*

ಇಸ್ತ್ರಿ ಅಂಗಡಿಯವನು ಬೀದಿ ದಾಟಿ ಬಂದ. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಪುಟ್ಟ ನೀಲಿ ಲಂಗವಿತ್ತು. ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಕಂಡಕ್ಟರಮ್ಮನ ಕೈಗಿಟ್ಟ. ಅರ್ಧ ಮಡಿಕೆ ಹೊಲಿದಿತ್ತು. ಉಳಿದರ್ಧಕ್ಕೆ ಗುಂಡುಸೂಜಿ ಚುಚ್ಚಿತ್ತು.

"ನಿನ್ನೆ ಇದನ್ನ ಹೊಲೀತಾ ಇದ್ರು," ಎಂದ. "ನನ್ನ ಅಂಗಡೀಲಿ."

"ನಿಮ್ಮ ಅಂಗಡೀಲಾ? ಮನೇಲಿ ಕುಸಿದುಬಿದ್ಳು ಅಂದ್ರಲ್ಲ ಭಾವ?"

ಇಸ್ತ್ರಿಯವನು ಭಾವನನ್ನೊಮ್ಮೆ, ಇವಳನ್ನೊಮ್ಮೆ ನೋಡಿದ. ಹೇಳಬಾರದ್ದನ್ನು ಹೇಳುತ್ತಿದ್ದೇನೆಂದು ಅವನಿಗೆ ಗೊತ್ತಾಯಿತು, ಆದರೂ ಹೇಳಿದ.

"ಹನ್ನೊಂದಕ್ಕೆ ಬಂದು ಕೂತ್ರಮ್ಮ. ಒಂದು ಗಂಟೆ ಹೊತ್ತಿಗೆ ಬೆವರೋಕೆ ಶುರುವಾಯ್ತು. ನಾನು ಇಸ್ತ್ರಿ ಪೆಟ್ಟಿಗೆ ಕಾವು ಅಂದ್ಕೊಂಡೆ. ಎದೆ ಹಿಡ್ಕೊಂಡಿದೆ ಅಂದ್ರು. ಮನೆಗೆ ಹೋಗಿ ಮಲಗಿ ಅಂದೆ. 'ಟವೆಲ್ ಬಂದಿಲ್ಲಪ್ಪ' ಅಂದ್ರು."

"ಯಾವ ಟವೆಲ್?"

"ನೋಡೋಕೆ ಬಂದೋರು ಹೋದ ಮೇಲೆ ಸಾರ್ ಬಾಲ್ಕನಿಗೆ ಕೆಂಪು ಟವೆಲ್ ಹಾಕ್ತಿದ್ರು. ನನ್ನ ಬೆಂಚಿಂದ ಕಾಣುತ್ತೆ. ಅದು ಕಂಡ ಮೇಲೇ ಅಮ್ಮ ಏಳ್ತಿದ್ದಿದ್ದು. ಎರಡು ಗಂಟೆಗೆ ಮತ್ತೆ ಹೇಳಿದೆ. 'ಇಷ್ಟೊತ್ತು ಕೂತಿದ್ದಾರೆ ಅಂದ್ರೆ ತಗೊಳ್ಳೋರೇ ಇರಬೇಕು, ನಡುವೆ ಹೋಗಿ ಕೆಡಿಸಬಾರದು' ಅಂತ ನಕ್ರು. ಮೂರಕ್ಕೆ ಯಂತ್ರದ ಮೇಲೆ ತಲೆ ಇಟ್ಟೋರು ಎತ್ತಲಿಲ್ಲ. ನಾನು ಓಡಿಬಂದು ಬಾಗಿಲು ಬಡಿದೆ."

ಕಂಡಕ್ಟರಮ್ಮ ಭಾವನ ಕಡೆ ತಿರುಗಿದಳು. ದನಿ ಏರಿಸಲಿಲ್ಲ. ಅವಳು ದನಿ ಏರಿಸದಿದ್ದಾಗಲೇ ಬಸ್ಸಿನಲ್ಲಿ ಜನ ಹೆದರುತ್ತಿದ್ದುದು.

"ಬಂದೋರು ಎಷ್ಟು ಗಂಟೆಗೆ ಹೋದ್ರು ಭಾವ?"

"ಹನ್ನೊಂದೂಮುಕ್ಕಾಲು," ಎಂದ ಅವನು. "ನಾಳೆ ಹೆಂಡತೀನ ಕರ್ಕೊಂಡು ಬರ್ತೀನಿ ಅಂದ. ಎರಡು ವರ್ಷ ಆದ ಮೇಲೆ ಒಬ್ಬ ಹಾಗಂದ. ಸಮಾಧಾನ ಆಯ್ತು… ಒಂದು ಚೂರು ಅಡ್ಡಾದೆ. ಟವೆಲ್ ಮರೆತುಬಿಟ್ಟೆ."

*

ನಿನ್ನೆ ಎರಡಕ್ಕೆ ಹತ್ತು ನಿಮಿಷವಿದ್ದಾಗ ಕಂಡಕ್ಟರಮ್ಮನ ಫೋನು ಹೊಡೆದುಕೊಂಡಿತ್ತು. ಬಸ್ಸು ಕಿಕ್ಕಿರಿದಿತ್ತು. ಚಿಲ್ಲರೆಗಾಗಿ ಒಬ್ಬ ತಕರಾರು ತೆಗೆದಿದ್ದ.

"ಎಷ್ಟೊತ್ತಿಗೆ ಬರ್ತೀಯೇ ಈ ಕಡೆ?" ಎಂದಿದ್ದಳು ಅಕ್ಕ. ದನಿ ಸಣ್ಣಗಿತ್ತು. "ಈ ಸಲ ಆಗುತ್ತೆ ಅನ್ಸುತ್ತೆ ಕಣೇ. ಬಂದೋರು ಹೊರಡೋ ಹಾಗೇ ಕಾಣಲ್ಲ. ನಂಗೆ ಯಾಕೋ ಕೂರೋಕೆ ಆಗ್ತಿಲ್ಲ."

"ಕೂರೋಕೆ ಆಗದಿದ್ರೆ ಮಲಕ್ಕೋ ಹೋಗು. ಡ್ಯೂಟೀಲಿದೀನಿ, ಆಮೇಲೆ ಮಾಡ್ತೀನಿ," ಎಂದು ಅವಳು ಫೋನು ಇಟ್ಟಿದ್ದಳು. ಆಮೇಲೆ ಎನ್ನುವುದು ಬರಲಿಲ್ಲ.

*

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಬಿಳಿ ಕಾರೊಂದು ಬಂದು ವ್ಯಾನಿನ ಹಿಂದೆ ನಿಂತಿತು. ಗಂಡ ಹೆಂಡತಿ ಇಳಿದರು. ವ್ಯಾನನ್ನು ನೋಡಿ ಹೆಂಡತಿ ಅಲ್ಲೇ ನಿಂತಳು.

ದಲ್ಲಾಳಿ ಬಾಣದ ಹಾಗೆ ಓಡಿದ. "ಬನ್ನಿ ಮೇಡಂ, ಬನ್ನಿ! ಪಕ್ಕದ ಮನೆಯೋರು, ಪಾಪ. ಈಗ ಹೊರಟುಬಿಡುತ್ತೆ."

"ಇದೇ ಸ್ಟಾಪು!" ಎಂದು ಕಂಡಕ್ಟರಮ್ಮ ಕೂಗಿದಳು. ಹಿಂದಿನ ಸೀಟಿನಲ್ಲಿ ನಿದ್ದೆ ಹೋದವನನ್ನೂ ಎಬ್ಬಿಸುವ ಗಂಟಲು. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. "ಇಳಿಯೋರಿದ್ದಾರೆ! ಈ ಮನೆಗೇ ಇಳಿಯೋರಿದ್ದಾರೆ!"

ಆಮೇಲೆ ಅವಳು ಆ ಹೆಂಗಸಿನ ಹತ್ತಿರ ನಡೆದುಹೋದಳು. "ಮನೆ ಚೆನ್ನಾಗಿದೆಯಮ್ಮ. ಗೋಡೆ ಗಟ್ಟಿ, ನೀರು ಸಿಹಿ. ಮೆಟ್ಟಿಲು ಮಾತ್ರ ಮೊಣಕಾಲು ತಿನ್ನುತ್ತೆ, ಅದನ್ನ ನಿಮ್ಮಿಂದ ಬಚ್ಚಿಡೋಕೆ ಅಂತ ನನ್ನ ಅಕ್ಕನ್ನ ಬೀದಿ ಮೂಲೇಲಿ ಬಚ್ಚಿಟ್ಟಿದ್ರು. ಈ ಮನೆಯೋಳು ಅವಳು. ಮೊದಲು ಅವಳು ಒಳಗೆ ಹೋಗಲಿ. ಆಮೇಲೆ ನಿಧಾನಕ್ಕೆ ನೋಡ್ಕೊಳ್ಳಿ."

"ಮೇಡಂ, ಅವರು ದುಃಖದಲ್ಲಿ ಏನೇನೋ…" ಎಂದು ದಲ್ಲಾಳಿ ಶುರುಮಾಡಿದ.

ಆ ಹೆಂಗಸು ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಕಾರು ಹಿಂದಕ್ಕೆ ತಗೀರಿ," ಎಂದಳು ಗಂಡನಿಗೆ. "ವ್ಯಾನಿನ ಬಾಗಿಲು ತೆಗೆಯೋಕೆ ಜಾಗ ಬೇಕು."

ಕಾರು ಹಿಂದಕ್ಕೆ ಸರಿಯಿತು. ಚಾಲಕ, ಇಸ್ತ್ರಿಯವನು, ನೆರೆಯ ಇಬ್ಬರು ಗಂಡಸರು ವ್ಯಾನಿನ ಹಿಂದೆ ಬಂದು ನಿಂತರು. ಚಾಲಕ ಚಿಲಕಕ್ಕೆ ಕೈ ಹಾಕಿದ.

"ಒಂದು ನಿಮಿಷ," ಎಂದಳು ಕಂಡಕ್ಟರಮ್ಮ. "ಟವೆಲ್ ಎಲ್ಲಿದೆ ಭಾವ?"

"ಕುರ್ಚಿ ಮೇಲೆ."

"ಹೋಗಿ ಹಾಕಿ."

ಅವನು ಬೆಪ್ಪನಂತೆ ನೋಡಿದ. "ಈಗ ಯಾಕೆ…"

"ಹಾಕದೆ ಅವಳು ಬರಲ್ಲ. ನನಗಿಂತ ಚೆನ್ನಾಗಿ ನಿಮಗೆ ಗೊತ್ತು."

ಭಾವ ಮೆಟ್ಟಿಲು ಹತ್ತಿದ. ಹದಿನೇಳೂ ಮೆಟ್ಟಿಲ ಸದ್ದು ಬೀದಿಗೆ ಕೇಳಿತು. ಸ್ವಲ್ಪ ಹೊತ್ತಿಗೆ ಬಾಲ್ಕನಿಯ ಬಾಗಿಲು ತೆರೆಯಿತು. ಅವನು ಟವೆಲನ್ನು ಮುದ್ದೆಯಾಗಿ ಕಂಬಿಯ ಮೇಲೆ ಇಟ್ಟು, ಕೈ ಹಿಂದಕ್ಕೆ ತೆಗೆದ.

"ಬಿಡಿಸಿ ಹಾಕಿ," ಎಂದು ಅವಳು ಕೆಳಗಿನಿಂದ ಕೂಗಿದಳು. "ಮೂಲೆ ಅಂಗಡಿಗೆ ಕಾಣಬೇಕು."

ಅವನು ಬಿಡಿಸಿದ. ಗಾಳಿಗೆ ಅದು ಜಾರತೊಡಗಿತು. ಆಗ ಭಾವ ಎರಡೂ ಚುಂಗು ಹಿಡಿದು, ಕೈಗಳನ್ನು ಅಗಲಕ್ಕೆ ಚಾಚಿ, ಟವೆಲನ್ನು ಎದೆಮಟ್ಟಕ್ಕೆ ಎತ್ತಿಕೊಂಡು ಬೀದಿಗೆ ಮುಖ ಮಾಡಿ ನಿಂತುಕೊಂಡ. ಕೆಳಗೆ ಚಾಲಕ ಚಿಲಕ ತೆಗೆದ.