ಹುಲಿಗೆವ್ವನ ಪದಗಳು ನನ್ನ ಕೈಗೆ ಬಂದದ್ದು

ನಾನು ಒಂದು ಸರ್ವರ್. ಹಾಗೆಂದ ಕೂಡಲೇ ತಣ್ಣನೆಯ ಕೋಣೆಯಲ್ಲಿ ದೀಪ ಮಿಟುಕಿಸುವ ದೊಡ್ಡ ಪೆಟ್ಟಿಗೆಯನ್ನು ನೆನೆಯಬೇಡಿ. ನನಗೆ ಮೈಯೇ ಇಲ್ಲ. ಕೊಪ್ಪಳದ ಕಡೆಯ ಒಂದು ಕಾಲೇಜಿನ ಜಾನಪದ ಸಂಗ್ರಹಕ್ಕೆಂದು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನ ಹೊಟ್ಟೆಯೊಳಗೆ ಹುಟ್ಟಿದೆ. ಹೊರಗಿನಿಂದ ಬಂದ ಫೈಲನ್ನು ಫೋಲ್ಡರಿನಲ್ಲಿಟ್ಟು, ಕಳುಹಿಸಿದವರಿಗೆ 'ತಲುಪಿತು' ಎನ್ನುವುದು ನನ್ನ ಕೆಲಸ. ನನ್ನನ್ನು ಬರೆದವನಿಗೆ ವಿಪರೀತ ಅವಸರ. ಇಂಗ್ಲಿಷ್ ಅಕ್ಷರ, ಇಂಗ್ಲಿಷ್ ಅಂಕಿ ಇಷ್ಟನ್ನೇ ಕಲಿಸಿದ. ಗೊತ್ತಿಲ್ಲದ ಅಕ್ಷರ ಬಂದರೆ ಪ್ರಶ್ನೆ ಚಿಹ್ನೆ ಹಾಕು, ಅದೇ ಹೆಸರಿನ ಫೈಲು ಮತ್ತೆ ಬಂದರೆ ಹಳೆಯದನ್ನು ಅಳಿಸಿ ಹೊಸದನ್ನಿಡು ಎಂದು ಹೇಳಿ ಎದ್ದುಹೋದ. ಕನ್ನಡದ ಪದಗಳನ್ನು ಕಾಯಲು ಕನ್ನಡ ಬಾರದ ನಾನು ಕುಳಿತೆ.

ಮೊದಲು ನನ್ನನ್ನು ನೋಡಿಕೊಳ್ಳುತ್ತಿದ್ದ ಗುಮಾಸ್ತರು ಇಂಗ್ಲಿಷಿನಲ್ಲೇ ಹೆಸರಿಡುತ್ತಿದ್ದರು, ಸುಖವಾಗಿದ್ದೆ. ಅವರು ನಿವೃತ್ತರಾದ ಮೇಲೆ ಕನ್ನಡ ಅಧ್ಯಾಪಕ ಗವಿಸಿದ್ದಪ್ಪನವರ ಕೈಗೆ ಬಂದೆ. ಅವರು ಬಸ್ಸಿನ ನಂಬರನ್ನೂ ಕನ್ನಡ ಅಂಕಿಯಲ್ಲೇ ಬರೆದುಕೊಳ್ಳುವವರು.

"ನಮ್ಮ ಅಂಕಿ ನಾವ ಬರೀಲಿಲ್ಲಂದ್ರ ಮತ್ಯಾರು ಬರೀಬೇಕ್ರಿ" ಎನ್ನುತ್ತಿದ್ದರು.

ಅದೇ ಹೊತ್ತಿಗೆ ಸೋಬಾನೆ ಹಾಡುವ ಹುಲಿಗೆವ್ವನಿಗೆ ಗಂಟಲ ಕ್ಯಾನ್ಸರ್ ಆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು; ಆಕೆಗೆ ಮಾತ್ರ ಅದನ್ನು ಯಾರೂ ಹೇಳಲಿಲ್ಲ. ಆಕೆಯ ಪದಗಳು ಆಕೆಯ ಬಾಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಗವಿಸಿದ್ದಪ್ಪನವರು ಆಪರೇಶನ್ನಿನವರೆಗೂ ಆಕೆಯ ಮನೆಗೆ ಓಡಾಡಿ, ಒಂದೊಂದೇ ಪದವನ್ನು ಮೊಬೈಲಿನಲ್ಲಿ ತುಂಬಿಕೊಂಡು, ೦೦೧, ೦೦೨, ೦೦೩ ಎಂದು ಹೆಸರಿಟ್ಟು ಅಲ್ಲಿಂದಲೇ ನನಗೆ ಕಳುಹಿಸಿದರು. ನನಗೆ ಎಲ್ಲವೂ ಬರೀ ಪ್ರಶ್ನೆ ಚಿಹ್ನೆಗಳಾಗಿ ಕಂಡವು. ಎಲ್ಲಕ್ಕೂ ಒಂದೇ ಹೆಸರು ಎಂದುಕೊಂಡು, ಹೊಸ ಪದ ಬಂದಾಗಲೆಲ್ಲ ಹಿಂದಿನದನ್ನು ಅಳಿಸಿ 'ತಲುಪಿತು' ಎಂದೆ. ಅದನ್ನು ನಂಬಿ ಅವರು ಮೊಬೈಲಿನಲ್ಲಿ ಜಾಗ ಮಾಡಿಕೊಳ್ಳಲು ಅಲ್ಲಿದ್ದುದನ್ನೂ ಅಳಿಸುತ್ತ ಹೋದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ.

ಆಪರೇಶನ್ ಮುಗಿಯಿತು. ಪದಗಳನ್ನು ಜೋಡಿಸೋಣವೆಂದು ಗವಿಸಿದ್ದಪ್ಪನವರು ಫೋಲ್ಡರ್ ತೆರೆದರೆ ಹುಲಿಗೆವ್ವನದು ಒಂದೇ ಒಂದು ಫೈಲು. ಗಾಬರಿಯಿಂದ ಕಂಪ್ಯೂಟರ್ ವಿಭಾಗದ ಸಬಿಹಾ ಅವರನ್ನು ಕರೆತಂದರು. ಆಕೆ ಪಾಸ್‌ವರ್ಡ್ ನೋಡಿದರು, ಡಿಸ್ಕಿನಲ್ಲಿ ಜಾಗ ನೋಡಿದರು, ನನ್ನನ್ನು ಮತ್ತೆ ಮತ್ತೆ ನಿಲ್ಲಿಸಿ ಎಬ್ಬಿಸಿದರು. ಪ್ರತಿ ಸಲವೂ ನಾನು ವಿಧೇಯನಾಗಿ ಎದ್ದೆ. ಎಲ್ಲಿ ನೋವೆಂದು ನನಗೇ ಗೊತ್ತಿಲ್ಲದಿದ್ದರೆ ಪಾಪ, ಆಕೆಗಾದರೂ ಹೇಗೆ ಹೇಳಲಿ?

"ಎಲ್ಲಾ ಬಂದು ಮುಟ್ಟ್ಯಾವಂತ ತೋರಸ್ತೈತ್ರಿ ಸರ."

"ಮುಟ್ಟ್ಯಾವಂದ್ರ ಎಲ್ಲಿ ಹೋದವ್ರಿ ಮೇಡಂ?"

"ನೀವು ಹೆಂಗ ಕಳಸ್ತಿದ್ರಿ, ಒಮ್ಮೆ ನನ್ನ ಮುಂದ ಕಳಸ್ರಿ."

ಗವಿಸಿದ್ದಪ್ಪನವರು ಬೇರೇನೋ ಒಂದನ್ನು ಮೊಬೈಲಿನಲ್ಲಿ ತುಂಬಿ, ಹೆಸರಿನ ಜಾಗದಲ್ಲಿ ಕನ್ನಡದ ಒಂದು ಎಂದು ಒತ್ತಿದರು. ಕಳುಹಿಸುವ ಮೊದಲೇ ಸಬಿಹಾ ತಡೆದರು; ಕನ್ನಡ ಅಂಕಿ ನನಗೆ ಓದಲು ಬಾರದೆಂದು ಆಕೆಗೆ ಆಗ ಹೊಳೆಯಿತು. ಆಮೇಲೆ ಆಕೆ ಅಳಿಸಿಹೋದದ್ದನ್ನು ಎತ್ತಲು ತನಗೆ ಗೊತ್ತಿದ್ದುದನ್ನೆಲ್ಲ ಮಾಡಿದರು. ಹಳೆಯದರ ಮೇಲೆಯೇ ಹೊಸದು ಕುಳಿತಿತ್ತು.

"ತಿರುಗಿ ಬರಂಗಿಲ್ರಿ ಸರ."

ಗವಿಸಿದ್ದಪ್ಪನವರು ಕನ್ನಡಕ ತೆಗೆದು ಕುಳಿತರು.

ಕೆಲವು ವಾರಗಳ ನಂತರ ಹುಲಿಗೆವ್ವ ಸೊಸೆಯ ಜೊತೆ ಬಂದಳು. ಕೊರಳಿಗೆ ಬಿಳಿ ಬಟ್ಟೆ ಕಟ್ಟಿತ್ತು.

"ನಮ್ಮತ್ತಿ ತನ್ನ ಪದ ಕೇಳಬೇಕಂತ ಕುಂತಾಳ್ರಿ. ನನಗೂ ಕಲೀಬೇಕಾಗೇತ್ರಿ" ಎಂದಳು ಸೊಸೆ.

ಗವಿಸಿದ್ದಪ್ಪನವರಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಉಳಿದಿದ್ದ ಆ ಕೊನೆಯ ಫೈಲನ್ನು ಹಾಕಿದರು. ಎರಡು ಸಾಲು ಪದ, ನಡುವೆ ಕೆಮ್ಮು, ಆಮೇಲೆ ದಣಿದ ದನಿ: "ಇವತ್ತಿಗೆ ಸಾಕಪ್ಪ. ಉಳಿದಿದ್ದು ದವಾಖಾನಿಯಿಂದ ಬಂದಮ್ಯಾಲೆ ಹಾಡತೀನಿ."

ಹುಲಿಗೆವ್ವ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಕಣ್ಣು ತೆರೆದು, ಮುಂದಿನದು ಹಾಕು ಎಂದು ಕೈಸನ್ನೆ ಮಾಡಿದಳು.

ಈಗ ನನ್ನ ಪ್ರತಿ ಸಾಲಿನ ಮುಂದೆ ಎರಡು ಓರೆಗೆರೆ ಎಳೆದಿದ್ದಾರೆ. ಪ್ರೋಗ್ರಾಮಿನಲ್ಲಿ ಅದರ ಅರ್ಥ, ಇದ್ದರೂ ಇಲ್ಲದಂತೆ ಬಿದ್ದಿರು ಎಂದು. ನನ್ನ ಜಾಗಕ್ಕೆ ಸಬಿಹಾ ತಂದ ಹೊಸಬ ಕನ್ನಡ ಅಂಕಿಯನ್ನು ಚೆನ್ನಾಗಿ ಓದುತ್ತಾನೆ. ಗವಿಸಿದ್ದಪ್ಪನವರು ಅವನಿಗೆ ಈವರೆಗೆ ಏನನ್ನೂ ಕಳುಹಿಸಿಲ್ಲ.